ಮನೆಗೆ ಯಾವ ಕಾಫಿ ಗಿರಣಿ?

(ಕಾರ್ಕಳದ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



ಘಟ್ಟದ ತಪ್ಪಲಿನ ಅಡಿಕೆ ತೋಟದಲ್ಲಿ ಮನೆ ಖರ್ಚಿಗೆಂದು ನಾಲ್ಕಾರು ರೊಬಸ್ಟಾ ಗಿಡ ಇಟ್ಟುಕೊಂಡವರು ನಿಮ್ಮಲ್ಲಿದ್ದೀರಿ. ಹಣ್ಣು ಕೊಯ್ದು, ಒಣಗಿಸಿ, ಸಿಪ್ಪೆ ತೆಗೆದು, ಹುರಿಯುವ ಶ್ರಮ ಸಣ್ಣದಲ್ಲ. ಕೊನೆಗೆ ಆ ಬೀಜವನ್ನು ಮೆಣಸು, ಕೊತ್ತಂಬರಿ ಬೀಸಿದ ಗಿರಣಿಗೆ ಹಾಕಿದರೆ ವರ್ಷದ ದುಡಿಮೆಯ ಪರಿಮಳ ಮಸಾಲೆಯ ಪಾಲಾಗುತ್ತದೆ. ಇನ್ನು ಕೆಲವು ಮನೆಗಳಿಗೆ ಉಡುಪಿ, ಮಣಿಪಾಲಗಳಲ್ಲಿ ದುಡಿಯುವ ಮಕ್ಕಳು ಎಸ್ಪ್ರೆಸೊ ಯಂತ್ರ ತಂದಿರಬಹುದು. ಫಿಲ್ಟರಿಗೂ ಇದಕ್ಕೂ ಒಂದೇ ಗಿರಣಿ ಸಾಕೇ ಎಂಬುದು ಪ್ರಶ್ನೆ.

ಮಿಕ್ಸಿಯ ಅಲಗು ಬೀಜವನ್ನು ಕತ್ತರಿಸುತ್ತದೆಯೇ ಹೊರತು ಬೀಸುವುದಿಲ್ಲ. ಸ್ವಲ್ಪ ಧೂಳು, ಸ್ವಲ್ಪ ನುಚ್ಚು ಆಗುತ್ತದೆ. ಧೂಳು ಕಹಿ ಬಿಡುತ್ತದೆ. ನುಚ್ಚಿನಲ್ಲಿ ಸಾರ ಉಳಿದುಹೋಗುತ್ತದೆ. ಹೆಚ್ಚು ಹೊತ್ತು ತಿರುಗಿಸಿದರೆ ಪುಡಿ ಬಿಸಿಯಾಗಿ ಪರಿಮಳ ಹಾರುತ್ತದೆ. ಬರ್ ಗ್ರೈಂಡರ್ ನಮ್ಮ ಬೀಸುವ ಕಲ್ಲಿನ ತಮ್ಮನಿದ್ದಂತೆ. ಹಲ್ಲುಗಳಿರುವ ಎರಡು ಭಾಗಗಳ ನಡುವಿನ ಸಂದನ್ನು ಹಿಗ್ಗಿಸಿ, ಕುಗ್ಗಿಸಿ ಬೇಕಾದ ಹದದ, ಬಹುಮಟ್ಟಿಗೆ ಸಮನಾದ ಪುಡಿ ಪಡೆಯಬಹುದು.

ಫಿಲ್ಟರಿಗೆ ಸಣ್ಣ ರವೆಗಿಂತ ತುಸು ನಯವಾದ ಪುಡಿ ಸಾಕು. ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯಬೇಕು. ಇಳಿಯದೆ ನಿಂತರೆ ಪುಡಿ ಅತಿ ನಯ. ಸರ್ರನೆ ಇಳಿದರೆ ದಪ್ಪ. ಈ ಕೆಲಸಕ್ಕೆ ಕೈಯಿಂದ ತಿರುಗಿಸುವ ಸಣ್ಣ ಗಿರಣಿಯೇ ಧಾರಾಳ.

ಎಸ್ಪ್ರೆಸೊ ಹಾಗಲ್ಲ. ಅಲ್ಲಿ ವಾಯುಭಾರದ ಸುಮಾರು 9 ಪಟ್ಟು ಒತ್ತಡದಲ್ಲಿ ಬಿಸಿನೀರು ಪುಡಿಯ ಮೂಲಕ ನುಗ್ಗುತ್ತದೆ. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡುಗಳಲ್ಲಿ ಇಳಿಯುವುದು ರೂಢಿಯ ಅಳತೆ. ಕೂದಲೆಳೆಯಷ್ಟು ಸಂದು ಬದಲಾದರೂ ಈ ಲೆಕ್ಕ ತಪ್ಪುತ್ತದೆ. ಆದ್ದರಿಂದ ಸಂದನ್ನು ಬಹಳ ಸೂಕ್ಷ್ಮವಾಗಿ ಹೊಂದಿಸಬಲ್ಲ ಗಿರಣಿಯೇ ಬೇಕು. ಅದಕ್ಕೆ ಬೆಲೆಯೂ ಹೆಚ್ಚು. ಆದರೆ ಯಂತ್ರದ ಬಟ್ಟಲಿನ ತಳದಲ್ಲಿ ಒಂದೇ ಸಣ್ಣ ರಂಧ್ರವಿದ್ದರೆ ಒತ್ತಡವನ್ನು ಬಟ್ಟಲೇ ಹುಟ್ಟಿಸುತ್ತದೆ. ಅಂಥ ಯಂತ್ರಕ್ಕೆ ದುಬಾರಿ ಗಿರಣಿ ಕೊಳ್ಳುವುದು ದುಂದು.

ಒಂದೇ ಗಿರಣಿಯಲ್ಲಿ ದಿನವೂ ಎರಡೂ ಹದ ಬೀಸಬಹುದೇ? ಬೀಸಬಹುದು. ಆದರೆ ಒಳಗೆ ಹಳೆಯ ಪುಡಿ ಉಳಿದಿರುತ್ತದೆ. ಹದ ಬದಲಿಸಿದಾಗಲೆಲ್ಲ ಒಂದಿಷ್ಟು ಬೀಜ ವ್ಯರ್ಥ. ಎಸ್ಪ್ರೆಸೊಗೆ ಒಂದನ್ನು ಮೀಸಲಿಟ್ಟು, ಫಿಲ್ಟರಿಗೆ ಅಗ್ಗದ ಕೈಗಿರಣಿ ಇಟ್ಟುಕೊಳ್ಳುವುದು ಲೇಸು.

ಕಾಪು ಕಡಲತಡಿಯಿಂದ ಕಾರ್ಕಳದವರೆಗೆ ಮಳೆಗಾಲದ ಥಂಡಿ ನಿಮಗೆ ಗೊತ್ತೇ ಇದೆ. ಪುಡಿ ಬೇಗ ತೇವ ಹೀರುತ್ತದೆ. ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಅಂದಂದಿನದನ್ನು ಅಂದಂದೇ ಬೀಸಿರಿ. ಉಕ್ಕಿನ ಹಲ್ಲುಗಳನ್ನು ನೀರಿನಲ್ಲಿ ತೊಳೆಯದೆ ಒಣ ಬ್ರಷ್‌ನಿಂದ ಉಜ್ಜಿರಿ. ಇಲ್ಲವಾದರೆ ತುಕ್ಕು ಹಿಡಿಯುತ್ತದೆ, ಉಳಿದ ಎಣ್ಣೆ ಕಮಟುತ್ತದೆ. ಚಿಕೋರಿಯನ್ನು ಗಿರಣಿಗೆ ಹಾಕಬೇಡಿ. ಬೇಕಾದವರು ಫಿಲ್ಟರ್ ಪುಡಿಗೆ ಆಮೇಲೆ ಬೆರೆಸಿಕೊಳ್ಳಿ.

ಕೊಳ್ಳುವಾಗ ನಿಮ್ಮದೇ ಬೀಜ ಒಯ್ದು ಬೀಸಿಸಿ, ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ಬೆರಳಿನಿಂದ ಉಜ್ಜಿ ನೋಡಿರಿ. ಧೂಳೂ ನುಚ್ಚೂ ಬೇರೆ ಬೇರೆಯಾಗಿ ಕೈಗೆ ಸಿಕ್ಕಿದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಆ ಗಿರಣಿ ನಿಮಗೆ ಬೇಡ.