ಎಲಿಜಬೆತ್ ಯಾರ ಮಗಳು?



ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಎಲ್ಲರೂ ಹಳೆಯದನ್ನು ನೆನೆಯುತ್ತಿದ್ದೇವೆ. ನೆನಪನ್ನು ಎಷ್ಟು ನಂಬಬಹುದು? ಅದಕ್ಕಾಗಿ ಅಮೆರಿಕದ ಒಂದು ಮನೆತನದ ವಿಷಯ ಹೇಳಬೇಕೆಂದಿದ್ದೇನೆ.

1620ರಲ್ಲಿ ಮೇಫ್ಲವರ್ ಹಡಗು 102 ಪ್ರಯಾಣಿಕರನ್ನು ಹೊತ್ತು ಇಂಗ್ಲೆಂಡಿನಿಂದ ಹೊರಟಿತು. ಅದರಲ್ಲಿ ಜಾನ್ ಕಾರ್ವರ್ ಎಂಬ ಯಜಮಾನನ ಆಳಾಗಿ ಜಾನ್ ಹೌಲ್ಯಾಂಡ್ ಇದ್ದ. ಬಿರುಗಾಳಿಗೆ ಸಿಕ್ಕಿ ಸಮುದ್ರಕ್ಕೆ ಬಿದ್ದವನು, ಕೈಗೆ ಸಿಕ್ಕ ಹಗ್ಗ ಹಿಡಿದು ಬದುಕಿದ. ಅದೇ ಹಡಗಿನಲ್ಲಿ ಎಲಿಜಬೆತ್ ಟಿಲ್ಲಿ ಎಂಬ ಹದಿಮೂರರ ಹುಡುಗಿಯೂ ಇದ್ದಳು. ಅವರು ನೆಲೆಯೂರಿದ ಪ್ಲಿಮತ್, ವಾಂಪನೋಗ್ ಜನರ ನೆಲ. ಮೊದಲ ಚಳಿಗಾಲದಲ್ಲೇ ಬಂದವರಲ್ಲಿ ಸುಮಾರು ಅರ್ಧ ಜನ ತೀರಿಕೊಂಡರು. ಎಲಿಜಬೆತ್‌ಳ ತಂದೆತಾಯಿಯೂ ಹೋದರು. ಮುಂದೆ ಅವಳು ಹೌಲ್ಯಾಂಡನನ್ನು ಮದುವೆಯಾದಳು. ಹತ್ತು ಮಕ್ಕಳಾದರು. ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಇಬ್ಬರು ಬುಷ್‌ಗಳು ಇದೇ ವಂಶದವರು.

ಕಾಲ ಕಳೆದಂತೆ ಎಲಿಜಬೆತ್ ಗವರ್ನರ್ ಕಾರ್ವರನ ಮಗಳು ಎಂಬ ಮಾತು ಹುಟ್ಟಿಕೊಂಡಿತು. ದೊಡ್ಡವರ ನಂಟು ಯಾರಿಗೆ ಬೇಡ! ಸ್ಮಾರಕದ ಕಲ್ಲಿನ ಮೇಲೂ ಹಾಗೆಯೇ ಕೆತ್ತಿಸಿದರು. ಕಾರ್ವರನ ನಂತರ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟಿದ್ದ ಹಸ್ತಪ್ರತಿ ಆಗ ಕಾಣೆಯಾಗಿತ್ತು. 1855ರಲ್ಲಿ ಅದು ಲಂಡನ್ನಿನ ಬಿಷಪ್ಪರ ಗ್ರಂಥಾಲಯದಲ್ಲಿ ಪತ್ತೆಯಾಗಿ, ಮರುವರ್ಷ ಅಚ್ಚಾಯಿತು. ಹೌಲ್ಯಾಂಡ್ ಮದುವೆಯಾದದ್ದು ಜಾನ್ ಟಿಲ್ಲಿಯ ಮಗಳನ್ನು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಇಂಗ್ಲೆಂಡಿನ ಹೆನ್ಲೋ ಹಳ್ಳಿಯ ಚರ್ಚ್ ರಿಜಿಸ್ಟರಿನಲ್ಲಿ, 1607ರ ಆಗಸ್ಟಿನಲ್ಲಿ ಅವಳಿಗೆ ದೀಕ್ಷಾಸ್ನಾನವಾದ ದಾಖಲೆಯೂ ಇದೆ.

ಇಷ್ಟು ದೊಡ್ಡ ಮನೆತನ ತನ್ನ ಮೂಲತಾಯಿಯ ತವರನ್ನೇ ಮರೆತಿತ್ತು. ಆಳಿನ ಮನೆ ಸೇರಿದ ಅನಾಥ ಹುಡುಗಿಗೆ ಅವಳ ಅಪ್ಪ ಅಮ್ಮನನ್ನು ಮರಳಿ ಕೊಟ್ಟದ್ದು ಯಾರೋ ಜೋಪಾನ ಮಾಡಿದ್ದ ಹಳೆಯ ಕಾಗದ.

ನಮ್ಮ ಮನೆಗಳಲ್ಲೂ ಮುತ್ತಜ್ಜನ ಹೆಸರು ಥಟ್ಟನೆ ಹೇಳುತ್ತೇವೆ. ಅಜ್ಜಿಯ ತಾಯಿ ಯಾರೆಂದರೆ ತಡವರಿಸುತ್ತೇವೆ. ವಂಶ ಹುಡುಕುವವರು ಇಂದಿನಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ಹಿರಿಯರ ಮಾತು ಕೇಳಬೇಕು, ಜೊತೆಗೆ ಪಹಣಿ, ಮದುವೆ ಪತ್ರಿಕೆ, ಶಾಲಾ ದಾಖಲೆಗಳೊಂದಿಗೆ ತಾಳೆ ನೋಡಬೇಕು.

ಈ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಊರಿನ ಐವತ್ತು ವರ್ಷಗಳ ಮಕ್ಕಳಿದ್ದಾರೆ. ಗೆದ್ದಲು ಹತ್ತದಂತೆ ಅದನ್ನು ಕಾಪಾಡೋಣ. ಮಕ್ಕಳೇ, ಈ ರಜೆಯಲ್ಲಿ ನಿಮ್ಮ ಅಜ್ಜಿಯ ತವರು ಯಾವುದು, ಅವರ ತಾಯಿಯ ಹೆಸರೇನು ಎಂದು ಕೇಳಿ, ತಾರೀಖು ಹಾಕಿ ಬರೆದಿಡಿ.