ಬೆಳೆ ಉಳಿಕೆಯಿಂದ ಬ್ಯಾಕ್ಟೀರಿಯಾ ಸೆಲ್ಯುಲೋಸ್: ಯಾವ ಉಳಿಕೆ ಮೊದಲು?



ಈ ವಿಚಾರ ಸಂಕಿರಣದ ಆರಂಭದಲ್ಲೇ ಒಂದು ಮೊಂಡು ಪ್ರಶ್ನೆ ಕೇಳಿಕೊಳ್ಳೋಣ. ಹುಲ್ಲಿನಲ್ಲಿ, ದಂಟಿನಲ್ಲಿ ಸೆಲ್ಯುಲೋಸ್ ಆಗಲೇ ಇದೆ. ಅದನ್ನು ಒಡೆದು ಸಕ್ಕರೆ ಮಾಡಿ, ಆ ಸಕ್ಕರೆಯನ್ನು ಬ್ಯಾಕ್ಟೀರಿಯಾಕ್ಕೆ ಉಣಿಸಿ, ಮತ್ತೆ ಸೆಲ್ಯುಲೋಸನ್ನೇ ಪಡೆಯುವ ಈ ಸುತ್ತುದಾರಿ ಏಕೆ?

ಉತ್ತರ ಶುದ್ಧತೆಯಲ್ಲಿದೆ. ಗಿಡದ ಸೆಲ್ಯುಲೋಸ್ ಲಿಗ್ನಿನ್, ಹೆಮಿಸೆಲ್ಯುಲೋಸ್‌ಗಳ ಜೊತೆ ಹೆಣೆದುಕೊಂಡಿರುತ್ತದೆ. ಬ್ಯಾಕ್ಟೀರಿಯಾದ ಸೆಲ್ಯುಲೋಸ್ ಹಾಗಲ್ಲ. ವಿನೆಗರ್ ಮೇಲೆ ಬ್ಯಾಕ್ಟೀರಿಯಾ ಕೆನೆಯಂತೆ ಕಟ್ಟುವ ಪದರವನ್ನು 1886ರಲ್ಲಿ ಏಡ್ರಿಯನ್ ಜಾನ್ ಬ್ರೌನ್ ಪರೀಕ್ಷಿಸಿ, ಅದು ಸೆಲ್ಯುಲೋಸ್ ಎಂದು ತಿಳಿಸಿದರು. ಇಂದು ಕೊಮಗಾಟೈಬ್ಯಾಕ್ಟರ್ ಕ್ಸೈಲಿನಸ್ ಎಂದು ಕರೆಯುವ ಆ ಜೀವಿ ನೇಯುವ ನ್ಯಾನೊ ಎಳೆಗಳಲ್ಲಿ ಲಿಗ್ನಿನ್ ಇಲ್ಲ, ಹೆಮಿಸೆಲ್ಯುಲೋಸೂ ಇಲ್ಲ. ಹಸಿ ಪದರದ ತೂಕದಲ್ಲಿ ಶೇ. 99ರಷ್ಟು ನೀರೇ ಇರುತ್ತದೆ. ಗಾಯಕ್ಕೆ ಹಾಕುವ ಪಟ್ಟಿಗೂ ಹೆಡ್‌ಫೋನಿನ ಪೊರೆಗೂ ಫಿಲಿಪ್ಪೀನ್ಸಿನ ನಾಟಾ ಡಿ ಕೋಕೋ ಎಂಬ ತಿನಿಸಿಗೂ ಅದು ಒದಗಿದ್ದು ಈ ಗುಣಗಳಿಂದ.

ತೊಡಕಿರುವುದು ಆ ಜೀವಿಯ ಆಹಾರದ ಬೆಲೆಯಲ್ಲಿ. ಅದನ್ನು ಬೆಳೆಸುವ 1954ರ ಹೆಸ್ಟ್ರಿನ್-ಶ್ರಾಮ್ ಮಾಧ್ಯಮಕ್ಕೆ ಗ್ಲುಕೋಸ್, ಪೆಪ್ಟೋನ್, ಯೀಸ್ಟ್ ಸಾರ ಬೇಕು. ಪ್ರಯೋಗಾಲಯಕ್ಕೆ ಅದು ಸರಿ, ಕಾರ್ಖಾನೆಗೆ ದುಬಾರಿ. ಆದ್ದರಿಂದಲೇ ನಾವು ಹೊಲದತ್ತ ನೋಡುತ್ತಿದ್ದೇವೆ. ಆದರೆ ರಾಗಿ ಹುಲ್ಲನ್ನು ತ್ಯಾಜ್ಯ ಎಂದರೆ ದನ ಸಾಕುವವರು ಒಪ್ಪುವುದಿಲ್ಲ. ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಗಳು ಉರಿಸಿ ವಿದ್ಯುತ್ ತೆಗೆಯುತ್ತಿವೆ. ಇಂಥ ನಾರಿನ ಉಳಿಕೆಯಿಂದ ಸಕ್ಕರೆ ಬಿಡಿಸಲು ಆಮ್ಲ, ಶಾಖ, ಕಿಣ್ವಗಳ ಖರ್ಚಿದೆ. ಆಗ ಹುಟ್ಟುವ ಫರ್ಫ್ಯುರಾಲ್, ಫೀನಾಲ್ ಸಂಯುಕ್ತಗಳು ಬ್ಯಾಕ್ಟೀರಿಯಾವನ್ನೇ ಕುಗ್ಗಿಸುತ್ತವೆ. ಅವನ್ನು ಸುಣ್ಣದಿಂದಲೋ ಇದ್ದಿಲಿನಿಂದಲೋ ತೆಗೆಯುವುದು ಇನ್ನೊಂದು ಖರ್ಚು.

ಕಾಫಿ ಹಣ್ಣಿನ ಸಿಪ್ಪೆ, ತೆಂಗಿನಕಾಯಿ ನೀರು, ಮಾರಾಟವಾಗದ ಹಣ್ಣು ಇವುಗಳ ಮಾತು ಬೇರೆ. ಇಲ್ಲಿ ಸಕ್ಕರೆ ಸುಲಭವಾಗಿ ಕೈಗೆ ಸಿಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಸಂಶೋಧಕರು ಕಾಫಿ ಹಣ್ಣಿನ ಸಿಪ್ಪೆಯ ಸಾರದಲ್ಲಿ ಈ ಸೆಲ್ಯುಲೋಸ್ ಬೆಳೆಸಿ ತೋರಿಸಿದ್ದಾರೆ. ಕೇರಳದಲ್ಲಿ ತೆಂಗಿನಕಾಯಿ ನೀರಿನಲ್ಲಿ ಬೆಳೆದ ಪದರ ಚರ್ಮದ ಬದಲಿ ವಸ್ತುವಾಗಿ ಮಾರುಕಟ್ಟೆಗೆ ಬಂದಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗಿನ ಕೊಳೆ ಹಳ್ಳ ಸೇರಿದರೆ ನೀರಿನ ಆಮ್ಲಜನಕ ಕುಸಿಯುತ್ತದೆ. ಅದನ್ನು ಬಳಸಿಕೊಂಡರೆ ಲಾಭ ಎರಡು ಕಡೆಯದು. ಆದರೆ ಕಾಫಿ ಸಿಪ್ಪೆ ಸಿಗುವುದು ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ, ಕೆಡುವುದೂ ಬೇಗ. ಒಣಗಿಸಿ ಕೂಡಿಡುವ ಅಗ್ಗದ ದಾರಿ ಹುಡುಕಬೇಕು. ನಾರಿನ ಉಳಿಕೆಗಿಂತ ಮೊದಲು ನಾವು ಕೈಹಾಕಬೇಕಾದದ್ದು ಇಂಥವಕ್ಕೆ ಎಂಬುದು ನನ್ನ ಖಚಿತ ನಿಲುವು.

ಇನ್ನು ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ. ಲೀಟರಿಗೆ ಎಷ್ಟು ಗ್ರಾಂ ಬಂತು ಎಂಬಲ್ಲಿಗೆ ನಿಲ್ಲಬೇಡಿ. ಒಂದು ಕಿಲೋ ಉಳಿಕೆಯಿಂದ ಎಷ್ಟು ಬಂತು, ಗ್ಲುಕೋಸಿನಲ್ಲಿ ಎಷ್ಟು ಪಾಲು ಗ್ಲುಕೋನಿಕ್ ಆಮ್ಲವಾಗಿ ಸೋರಿಹೋಯಿತು, ಪದರ ತೊಳೆಯಲು ಎಷ್ಟು ಕ್ಷಾರ, ಎಷ್ಟು ನೀರು ಬೇಕಾಯಿತು, ಪದರ ಬೆಳೆಸುವ ತಟ್ಟೆಗಳು ಎಷ್ಟು ದಿನ ಕದಲದೆ ಕೂತಿರಬೇಕಾಯಿತು ಎಂಬುದನ್ನೂ ಸಭೆಯ ಮುಂದಿಡಿ. ಉಳಿಕೆ ಕೊಟ್ಟ ರೈತನಿಗೆ ಸಿಗುವ ಬೆಲೆಯೂ ಆ ಲೆಕ್ಕದೊಳಗೆ ಬರಲಿ. ಈ ಲೆಕ್ಕ ತಾಳೆಯಾದ ಸಂಶೋಧನೆ ಮಾತ್ರ ಉದ್ಯಮವಾಗಿ ನಿಲ್ಲಬಲ್ಲದು.