ದಣಿದ ದೇಹದ ಹಕ್ಕು



ಮುಸ್ಲಿಂ ಮಹಿಳೆಯ ಪ್ರಶ್ನೆ ಎಂದೊಡನೆ ಸಾರ್ವಜನಿಕ ಚರ್ಚೆ ತಲಾಖ್ ಮತ್ತು ಜೀವನಾಂಶಗಳಿಗೆ ಬಂದು ನಿಲ್ಲುತ್ತದೆ. 1985ರ ಶಾಬಾನೊ ತೀರ್ಪಿನಿಂದ 2019ರ ಕಾಯಿದೆಯವರೆಗೆ ನಾವು ಚರ್ಚಿಸಿದ್ದು ಹೆಚ್ಚಾಗಿ ಮುರಿದ ದಾಂಪತ್ಯಗಳನ್ನು. ಮುರಿಯದೆ ಸಾಗಿರುವ ಸಂಸಾರದಲ್ಲಿ ಹೆಣ್ಣಿಗೆ ಸಲ್ಲಬೇಕಾದ ನ್ಯಾಯದ ಒಂದು ಅಂಶವನ್ನು, ಅಂದರೆ ವಿಶ್ರಾಂತಿಯನ್ನು ಕುರಿತು ನಾನಿಂದು ಮಾತನಾಡಬಯಸುತ್ತೇನೆ.

ರಂಜಾನ್ ತಿಂಗಳನ್ನೇ ನೋಡಿ. ಉಪವಾಸ ಗಂಡಿಗೂ ಹೆಣ್ಣಿಗೂ ಒಂದೇ. ಆದರೆ ಸಹರಿಯ ಅಡುಗೆಗೆಂದು ಎಲ್ಲರಿಗಿಂತ ಮೊದಲು ಏಳುವವಳು ಅವಳು. ಇಫ್ತಾರಿನ ಹೊತ್ತಿಗೆ ಒಣಗಿದ ಬಾಯಿಯಲ್ಲಿ ಒಲೆಯ ಮುಂದೆ ನಿಂತಿರುವವಳೂ ಅವಳೇ. ಗಂಡಸರು ತರಾವೀಹ್ ನಮಾಜಿಗೆ ಹೊರಟ ಮೇಲೆ ಪಾತ್ರೆಗಳು ಅವಳಿಗಾಗಿ ಕಾದಿರುತ್ತವೆ.

ಇದನ್ನು ಧರ್ಮದ ಕಟ್ಟಳೆಯೆಂದು ತಿಳಿದವರಿದ್ದಾರೆ. ಆದರೆ ಪ್ರವಾದಿಯವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರೆಂದು ಹಜ್ರತ್ ಆಯಿಷಾ ಉತ್ತರಿಸಿದ್ದು ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ. ಹಗಲೆಲ್ಲ ಉಪವಾಸ, ಇರುಳೆಲ್ಲ ಪ್ರಾರ್ಥನೆ ಎಂದಿದ್ದ ಅಬ್ದುಲ್ಲಾ ಬಿನ್ ಅಮ್ರ್ ಅವರಿಗೆ, ದೇಹಕ್ಕೂ ಕಣ್ಣಿಗೂ ಪತ್ನಿಗೂ ತಮ್ಮ ತಮ್ಮ ಹಕ್ಕಿದೆಯೆಂದು ಪ್ರವಾದಿಯವರು ತಿಳಿಹೇಳಿದ್ದೂ ಅಲ್ಲಿಯೇ ಇದೆ. ದೇಹದ ಹಕ್ಕು ಆರಾಧನೆಗೇ ಮಿತಿ ಹಾಕುವುದಾದರೆ ಮನೆಗೆಲಸಕ್ಕೆ ಹಾಕಲಾರದೇ?

ಇದು ಮುಸ್ಲಿಮರ ಮನೆಗಳ ಮಾತಷ್ಟೇ ಅಲ್ಲ. 2019ರ ಅಖಿಲ ಭಾರತ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಗಂಡಸರೇ ನೂರಕ್ಕೆ ಸುಮಾರು 26. ತೊಡಗಿದವರೂ ದಿನಕ್ಕೆ ಕೊಡುವುದು ಸರಾಸರಿ 97 ನಿಮಿಷ. ಹೆಂಗಸರು ಕೊಡುವುದು 299 ನಿಮಿಷ. ಗಂಡಸರು ಹೊರಗೆ ದುಡಿದು ದಣಿಯುತ್ತಾರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರ ದುಡಿಮೆಗೆ ಒಂದು ಸಂಜೆಯಿದೆ, ಅವಳ ದುಡಿಮೆಗೆ ಅದೂ ಇಲ್ಲ.

ಬಂಗಾಳದ ರೊಕೆಯಾ ಸಖಾವತ್ ಹುಸೇನ್ 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ‘ಸುಲ್ತಾನಾಳ ಕನಸು’ ಎಂಬ ಇಂಗ್ಲಿಷ್ ಕತೆಯನ್ನು ಪ್ರಕಟಿಸಿದರು. ಅಲ್ಲಿ ರಾಜ್ಯ ನಡೆಸುವವರು ಹೆಂಗಸರು, ಮನೆಯೊಳಗಿರುವವರು ಗಂಡಸರು. ದಿನದ ಕಚೇರಿ ಕೆಲಸ ಎರಡೇ ಗಂಟೆ. ಅದು ವ್ಯಂಗ್ಯ, ನಿಜ. ಆದರೂ ಬಿಡುವನ್ನು ಹೆಣ್ಣಿನ ಸ್ವಾತಂತ್ರ್ಯದ ಭಾಗವೆಂದು ಒಬ್ಬ ಮುಸ್ಲಿಂ ಲೇಖಕಿ ಅಷ್ಟು ಹಿಂದೆಯೇ ಕಂಡಿದ್ದರು.

ಹೊರನಾಡಿಗೆ ಬಂದ ನಮಗೆ ಈ ವಿಚಾರ ಇನ್ನಷ್ಟು ಹತ್ತಿರದ್ದು. ಊರಿನಲ್ಲಿ ಅತ್ತೆ, ನಾದಿನಿ, ಓರಗಿತ್ತಿಯರು ಹಂಚಿಕೊಳ್ಳುತ್ತಿದ್ದ ಕೆಲಸವನ್ನು ಇಲ್ಲಿನ ಎರಡು ಕೋಣೆಯ ಮನೆಯಲ್ಲಿ ಎಷ್ಟೋ ಕಡೆ ಒಬ್ಬಳೇ ಹೊರುತ್ತಿದ್ದಾಳೆ. ಅವಳಿಗೆ ಹೊಗಳಿಕೆ ಸಾಲದು, ಕೈಗೂಡಿಸುವವರು ಬೇಕು. ಮುಂದಿನ ರಂಜಾನಿನಲ್ಲಿ ವಾರಕ್ಕೆ ಮೂರು ದಿನವಾದರೂ ಸಹರಿಗೆ ಗಂಡನೋ ಮಗನೋ ಮೊದಲು ಎದ್ದು ಒಲೆ ಹಚ್ಚಲಿ. ಇದಕ್ಕೆ ಹೊಸ ಕಾಯಿದೆಯಾಗಲಿ, ಫತ್ವಾ ಆಗಲಿ ಬೇಕಿಲ್ಲ.